ಸುಂಕದವನ ಮುಂದೆ ಸುಖದುಃಖ

ಮಾಘಮಾಸ ಕಳೆದು ಬಿಸಿಲು ಬಲಿಯುತ್ತಿದ್ದಂತೆ, ವಿಜಯಪುರದ ಪಡುವಣ ದಾರಿಯಲ್ಲಿ ತಿಕೋಟಾದ ಕಡೆಯಿಂದ ದ್ರಾಕ್ಷಿ ತುಂಬಿದ ವಾಹನಗಳು ಬರತೊಡಗುತ್ತವೆ. ಬಬಲೇಶ್ವರದ ಹಾದಿ ಹಿಡಿದವರು ಕೃಷ್ಣೆಯನ್ನು ದಾಟಿ ಜಮಖಂಡಿಗೆ ಸಾಗುತ್ತಾರೆ. ದ್ರಾಕ್ಷಿ ಬಹುದಿನ ತಾಳುವ ಫಲವಲ್ಲ. ರಸ್ತೆ ಕೆಟ್ಟರೆ ರೈತನ ವರ್ಷದ ದುಡಿಮೆಯೇ ಕೆಟ್ಟಂತೆ. ಒಳ್ಳೆಯ ರಸ್ತೆ ಎಲ್ಲರಿಗೂ ಬೇಕು. ಆದರೆ ಅದರ ಹಣ ತೆರುವವರಾರು?

ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಂಥ ಹುಟ್ಟುವಳಿಯನ್ನು ದೇವರ ನಂದಾದೀವಿಗೆಗೆ ಬಿಟ್ಟುದೂ ಉಂಟು. 12ನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಶರಣನಿದ್ದ. ಸುಂಕವೆತ್ತುವುದೇ ಅವನ ಕಾಯಕ. ಆದರೂ ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಮ್ಮ ಜನ ಬಿಟ್ಟಿಲ್ಲ.

ಇಂದಿನ ಸುಂಕದವನು ಯಾರು? ವಿಜಯಪುರದಿಂದ ಹುನಗುಂದದತ್ತ ಸಾಗುವ ಚತುಷ್ಪಥ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯಕ್ಕೆ ತನ್ನದೇ ಆದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮವಿದೆ. 1999ರಲ್ಲಿ ಸ್ಥಾಪಿತವಾದ ಇದು ಸರ್ಕಾರದ ಒಡೆತನದ ಕಂಪೆನಿ. ಬೊಕ್ಕಸದ ಹಣ ಸಾಲದಾದಾಗ ಸಾಲ ತಂದೋ, ಖಾಸಗಿಯವರ ಬಂಡವಾಳ ತೊಡಗಿಸಿಯೋ ರಸ್ತೆ, ಸೇತುವೆಗಳನ್ನು ಕಟ್ಟಿಸುತ್ತದೆ. ನೆರೆಯ ಕಲಬುರಗಿ ಜಿಲ್ಲೆಯ ವಾಗ್ದರಿ–ರಿಬ್ಬನಪಲ್ಲಿ ಮಾರ್ಗ ಎರಡನೆಯ ಬಗೆಯದು. ಇಲ್ಲಿ ಖಾಸಗಿ ಸಂಸ್ಥೆ ಹಣ ಹೂಡಿ ರಸ್ತೆ ಮಾಡುತ್ತದೆ. ಗೊತ್ತಾದ ಅವಧಿಯವರೆಗೆ ಸುಂಕವೆತ್ತುತ್ತದೆ. ಅನಂತರ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು.

ಕಾರಿಲ್ಲದ ನಮಗೆ ಇದರ ಗೊಡವೆಯೇಕೆ ಎನ್ನುವಿರಾ? ಲಾರಿ ತೆತ್ತ ಸುಂಕ ಕಾಳುಕಡಿಯ ಬೆಲೆಯಲ್ಲಿ ಬೆರೆತು ಅಡಿಗೆಮನೆಗೆ ಬರುತ್ತದೆ. ಬಸ್ಸು ತೆತ್ತದ್ದು ಟಿಕೆಟ್ಟಿನಲ್ಲಿ ಅಡಗುತ್ತದೆ. ತೆರುವವರು ನಾವೆಲ್ಲರೂ.

ಸುಂಕದಕಟ್ಟೆಯಲ್ಲಿ ದಿನವೂ ಜಗಳ ನಡೆಯುವುದನ್ನು ಕಂಡಿದ್ದೇವೆ. ಅಲ್ಲಿ ಕುಳಿತ ತರುಣ ಸಂಬಳದಾಳು. ದರ ಕಟ್ಟಿದವನು ಅವನಲ್ಲ. ಅವನ ಮೇಲೆ ಹರಿಹಾಯುವುದರಿಂದ ಫಲವಿಲ್ಲ. ರಸ್ತೆಗೆ ತಗುಲಿದ ವೆಚ್ಚವೆಷ್ಟು, ಈವರೆಗೆ ಕೂಡಿದ ಸುಂಕವೆಷ್ಟು, ವಸೂಲಿ ನಿಲ್ಲುವುದೆಂದು—ಕೇಳಬೇಕಾದ ಪ್ರಶ್ನೆಗಳು ಇವು. ಕೇಳಬೇಕಾದ ಸ್ಥಳವೂ ಬೇರೆ. ನಿಗಮ ಸರ್ಕಾರದ್ದಾದುದರಿಂದ ಅದರ ಲೆಕ್ಕ ಮಹಾಲೇಖಪಾಲರ ಪರಿಶೋಧನೆಗೆ ಒಳಪಡುತ್ತದೆ. ವಾರ್ಷಿಕ ವರದಿ ವಿಧಾನಮಂಡಲದ ಮುಂದೆ ಬರಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಯಾವ ನಾಗರಿಕನಾದರೂ ವಿವರ ಕೇಳಬಹುದು.

ಹಿಂದಿನವರಿಗೆ ಗಾದೆ ಹೇಳಿ ನಿಟ್ಟುಸಿರಿಡುವುದಷ್ಟೇ ಉಳಿದಿತ್ತು. ನಮಗೆ ತಟ್ಟಲು ಒಂದು ಬಾಗಿಲಿದೆ. ಸುಂಕ ಕೊಡುವ ಕೈ ಲೆಕ್ಕ ಕೇಳಲು ಒಂದು ಅರ್ಜಿಯನ್ನೂ ಬರೆಯಲಿ.