ಬೆಡ್ ಖಾಲಿಯಿಲ್ಲದ ಬುಧವಾರ

1932ರ ಡಿಸೆಂಬರ್ 19. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಿಕ್ಸ್‌ಟರ್ ರೋಗಿಯೊಬ್ಬನ ಬೆನ್ನು ಕೊಯ್ದರು. ಅಲ್ಲಿಯವರೆಗೆ ವೈದ್ಯರು ಗೆಡ್ಡೆಯೆಂದು ನಂಬಿದ್ದದ್ದು ಬೆನ್ನುಮೂಳೆಯ ಡಿಸ್ಕಿನ ಚೂರಿರಬೇಕು ಎಂಬ ಗುಮಾನಿ ಸಹವೈದ್ಯ ಜೋಸೆಫ್ ಬಾರ್ ಅವರದು. ಗುಮಾನಿ ನಿಜವಾಯಿತು. 1934ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಡಿಸ್ಕ್ ಆಪರೇಷನ್ನಿನ ಯುಗ ಶುರುವಾಯಿತು. ನೋವು ಹೋಯಿತು ಸರಿ, ಆದರೆ ರೋಗಿ ಮನೆಗೆ ಹೋಗುವುದು ಯಾವಾಗ?

ದಶಕಗಳ ನಂತರ ಅದೇ ಊರಿಗೆ ಕೀವ್ ಕಡೆಯಿಂದ ಯೂಜಿನ್ ಲಿಟ್ವಾಕ್ ವಲಸೆ ಬಂದರು. ವೈದ್ಯರಲ್ಲ, ಗಣಿತದವರು. ಅರಿವಳಿಕೆ ತಜ್ಞ ಮೈಕೆಲ್ ಲಾಂಗ್ ಅವರಿಗೆ ಜೊತೆಯಾದರು. ಆಸ್ಪತ್ರೆಯಲ್ಲಿ ಒಂದು ದಿನ ಕಾರಿಡಾರಿನ ತುಂಬ ಸ್ಟ್ರೆಚರ್‌ಗಳು, ಐಸಿಯುನಲ್ಲಿ ಜಾಗವಿಲ್ಲ; ಇನ್ನೊಂದು ದಿನ ಹಾಸಿಗೆಗಳು ಖಾಲಿ. ಏಕೆ? ಅಪಘಾತ, ಹೃದಯಾಘಾತಗಳು ಹೇಳಿಕೇಳಿ ಬರುತ್ತವೆಯೇ ಎಂದು ಎಲ್ಲರೂ ತುರ್ತು ವಿಭಾಗದತ್ತ ಬೆರಳು ತೋರಿದರು. ಸಹಜವೇ.

ಇಬ್ಬರೂ ಅಂಕಿಗಳನ್ನು ಬೇರ್ಪಡಿಸಿದರು. ತುರ್ತು ರೋಗಿಗಳದೊಂದು ಗೆರೆ, ಮೊದಲೇ ದಿನ ಗೊತ್ತುಮಾಡಿಕೊಂಡು ಬರುವವರದೊಂದು ಗೆರೆ. ಹೆಚ್ಚು ಏರಿಳಿದದ್ದು ಎರಡನೆಯದು! ದೈವಾಧೀನವೆಂದುಕೊಂಡದ್ದು ಹೆಚ್ಚು ಸಮನಾಗಿತ್ತು, ಮನುಷ್ಯರು ಬರೆದಿಟ್ಟ ಪಟ್ಟಿಯೇ ಅಡ್ಡಾದಿಡ್ಡಿ.

ಆದರೆ ಶಸ್ತ್ರವೈದ್ಯರ ದಿನ ಬದಲಿಸುವುದೆಂದರೆ ಹುಡುಗಾಟವೇ? ಅವರವರ ಥಿಯೇಟರ್ ಸಮಯ ಅವರವರಿಗೆ ಆಸ್ತಿಯಿದ್ದಂತೆ. ಎಷ್ಟೋ ಕಡೆ ಬಾಗಿಲು ಮುಚ್ಚಿತು. ಕೊನೆಗೆ ಬಾಸ್ಟನ್ ಮೆಡಿಕಲ್ ಸೆಂಟರ್ ಒಪ್ಪಿತು: ತುರ್ತು ಆಪರೇಷನ್ನಿಗೆಂದೇ ಒಂದು ಥಿಯೇಟರ್ ಮೀಸಲು, ಉಳಿದವು ವಾರವಿಡೀ ಹಂಚಿಕೆ. ಮುಂದೂಡಿದ ಅಥವಾ ರದ್ದಾದ ಆಪರೇಷನ್‌ಗಳು 334ರಿಂದ 3ಕ್ಕೆ ಇಳಿದವು.

ಬೆನ್ನುಮೂಳೆಯ ವಿಷಯದಲ್ಲೂ ಮುಂದೆ ಅಮೆರಿಕದ ಅಧ್ಯಯನಗಳು ಇದೇ ಜಾಡು ಹಿಡಿದವು. ವಾರದ ಕೊನೆಗೆ ಆಪರೇಷನ್ ಆದವರು ಹೆಚ್ಚು ದಿನ ಉಳಿಯುತ್ತಿದ್ದರು. ವಿವರಣೆ ಸರಳ: ಬೆನ್ನು ಹೊಲಿಸಿಕೊಂಡವರನ್ನು ಎಬ್ಬಿಸಿ ನಡೆಸಬೇಕು, ಆಮೇಲೆ ಡಿಸ್ಚಾರ್ಜ್ ಬರೆಯಬೇಕು. ಶನಿವಾರ, ಭಾನುವಾರ ಆ ಕೈಗಳೇ ಕಡಿಮೆ. ವಾಸಿಯಾಗುವುದು ನಿಧಾನವಾದದ್ದರಿಂದ ಅಲ್ಲ, ಕಾಯುವುದರಲ್ಲಿ ದಿನ ಕಳೆಯುತ್ತಿತ್ತು.

ಪುಣೆಯ ಸದಾಶಿವ ಪೇಠದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಬೆನ್ನಿನ ಆಪರೇಷನ್ನಿಗೆ ದಿನ ಗೊತ್ತುಮಾಡುವ ಮನೆಯವರು ರಾಹುಕಾಲ ನೋಡಿಕೊಳ್ಳಲಿ, ಬೇಡವೆನ್ನುವುದಿಲ್ಲ. ಭಾನುವಾರ ಫಿಸಿಯೋಥೆರಪಿಸ್ಟ್ ಬರುತ್ತಾರೆಯೇ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಲಿ.