ಮದುವೆ ಹಾಡು: ಎಲ್ಲಿ ವಾಲಗ, ಎಲ್ಲಿ ಸ್ಪೀಕರ್ ಬಂದ್

ಪುಣೆ-ಮುಂಬೈ ಕಡೆ ನಮ್ಮವರ ಮದುವೆ ಸೀಸನ್ ಶುರುವಾದ್ರೆ ನನಗೆ ಫೋನ್ ಬರತ್ತೆ, "ಒಂದು ಪ್ಲೇಲಿಸ್ಟ್ ಮಾಡಿಕೊಡೋ." ಸಾಫ್ಟ್‌ವೇರಿನವನು ಅಂದ್ರೆ ಸ್ಪೀಕರೂ ಇವನದೇ ಅಂತ ಲೆಕ್ಕ! ನಾನು ಹಾಡು ಹುಡುಕೋ ಮೊದಲು ಪುರೋಹಿತರಿಗೆ ಫೋನ್ ಮಾಡ್ತೀನಿ. ಯಾವ ಶಾಸ್ತ್ರಕ್ಕೆ ಎಷ್ಟು ಹೊತ್ತು, ಎಲ್ಲಿ ಅವರ ಧ್ವನಿ ಕೇಳಬೇಕು, ಅಷ್ಟು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಗಟ್ಟಿಮೇಳ ತಗೊಳ್ಳಿ. ತಾಳಿ ಕಟ್ಟುವಾಗ ಪುರೋಹಿತರು ಕೈ ಎತ್ತಿ ಸನ್ನೆ ಮಾಡ್ತಾರೆ, ನಾದಸ್ವರ-ಡೋಲು ಒಮ್ಮೆಲೇ ಜೋರಾಗತ್ತೆ. ಆ ಕ್ಷಣ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದು ಅನ್ನೋ ನಂಬಿಕೆ. ವಾಲಗದವರ ಕಣ್ಣು ಪುರೋಹಿತರ ಕೈ ಮೇಲೇ ಇರತ್ತೆ. ಫೋನಿನಲ್ಲಿರೋ ಟ್ರ್ಯಾಕಿಗೆ ಕಣ್ಣಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಯಾರದೋ ಕಾಲ್ ಬರತ್ತೆ. ಬಜೆಟ್ ಕಮ್ಮಿ ಇದ್ರೆ ಸಂಗೀತ್ ನೈಟ್ ಖರ್ಚು ಕಡಿಮೆ ಮಾಡಿ, ಮುಹೂರ್ತಕ್ಕಾದ್ರೂ ನುಡಿಸೋರನ್ನೇ ಕರೆಸಿ. ಮಹಾರಾಷ್ಟ್ರದಲ್ಲಿ ವಾಲಗ ಸಿಗದಿದ್ರೆ ಸನಈ-ಚೌಘಡಾದವರು ಸಿಗ್ತಾರೆ. ಆದ್ರೆ ನಮ್ಮ ಕಡೆ ಸನ್ನೆ ಹೇಗೆ ಅಂತ ಅವರಿಗೆ ಮೊದಲೇ ಹೇಳಿಡಿ.

ಅಂತರಪಟ ಹಿಡಿದಾಗ ಇದರ ಉಲ್ಟಾ. ಅಲ್ಲಿ ಮಂಗಳಾಷ್ಟಕವೇ ಸಂಗೀತ. ಸಾಮಾನ್ಯವಾಗಿ ಶಾರ್ದೂಲವಿಕ್ರೀಡಿತ ಛಂದಸ್ಸು, ಸಾಲಿಗೆ 19 ಅಕ್ಷರ, 12ರ ಮೇಲೆ ಯತಿ. ಆ ನಿಲುಗಡೆಯಿಂದಲೇ ಅದಕ್ಕೊಂದು ಗತ್ತು ಬರೋದು. ಹಿಂದೆ ಕೊಳಲಿನ ಇನ್‌ಸ್ಟ್ರುಮೆಂಟಲ್ ಹಾಕಿದ್ರೆ ಹೇಳೋರ ಶ್ರುತಿಯೇ ಬೇರೆ, ಅದರ ಶ್ರುತಿಯೇ ಬೇರೆ ಆಗಿ ಕಿವಿ ಹಿಂಡಿದ ಹಾಗಾಗತ್ತೆ. ಸ್ಪೀಕರ್ ಬಂದ್ ಮಾಡಿ. ಸಪ್ತಪದಿಗೂ ಅಷ್ಟೇ, ಪುರೋಹಿತರಿಗೊಂದು ಕಾಲರ್ ಮೈಕ್ ಸಾಕು.

ಇನ್ನು ನೆಂಟರು ಬರುವಾಗ, ಊಟದ ಹೊತ್ತಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ ಸಣ್ಣಗೆ ಇರಲಿ, ಸಿನಿಮಾ ಹಾಡೂ ಇರಲಿ, ನನ್ನ ತಕರಾರಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಮದುವೆ ಮೆರವಣಿಗೆ ಮತ್ತು ಮದುವೆ ಸಂಭ್ರಮಕ್ಕೆ ವಿನಾಯಿತಿ ಇದೆ. ವಿಡಿಯೋನ ಯೂಟ್ಯೂಬಿಗೆ ಹಾಕೋದು ಮಾತ್ರ ಬೇರೆ ಮಾತು, ಅಲ್ಲಿ ಕ್ಲೇಮ್ ಬರಬಹುದು.

ನನಗೆ ಸಂಕಟ ಆಗೋದು ಹೆಂಗಸರ ಹಾಡಿನ ವಿಷಯದಲ್ಲಿ. ಆರತಿ, ಉರುಟಣೆ, ಬೀಗರನ್ನ ಛೇಡಿಸೋ ಹಾಡು, ಮಾಧ್ವರ ಮನೇಲಿ ವಾದಿರಾಜರ ಲಕ್ಷ್ಮೀ ಶೋಭಾನೆ, ಇವೆಲ್ಲ ಶಾಸ್ತ್ರದ ಒಳಗೇ ಸೇರಿಕೊಂಡಿರೋ ಹಾಡುಗಳು. ನಮ್ಮ ಬಳಗದ ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ಹಳೇ ನೋಟ್‌ಬುಕ್ ಬಿಚ್ಚಿ ಉರುಟಣೆ ಹಾಡು ಶುರು ಮಾಡಿದ್ರು. ಸೌಂಡಿನವನು ವಾಲ್ಯೂಮ್ ಇಳಿಸಲಿಲ್ಲ. ಎರಡು ನುಡಿ ಆದ್ಮೇಲೆ ಅವರು ಪುಸ್ತಕ ಮುಚ್ಚಿ ಪಕ್ಕಕ್ಕೆ ಇಟ್ಟರು. ಸಾಹಿತ್ಯ ಅದರಲ್ಲಿದೆ ನಿಜ, ಆದ್ರೆ ಅರ್ಧ ಹಾಡುಗಳ ಧಾಟಿ ನಮ್ಮ ತಲೆಮಾರಿನ ಯಾರಿಗೂ ಬರಲ್ಲ.

ಹಾಗಾಗಿ ಪ್ಲೇಲಿಸ್ಟ್ ಮಾಡೋಕೆ ಕೂರುವ ಮುಂಚೆ ಅಜ್ಜಿ, ದೊಡ್ಡಮ್ಮ, ಸೋದರತ್ತೆ ಎಲ್ಲರನ್ನೂ ಕೇಳಿ: ಯಾವ ಹಾಡು ಬರತ್ತೆ, ಯಾವ ಶಾಸ್ತ್ರಕ್ಕೆ? ಅದನ್ನ ಕಾರ್ಯಕ್ರಮದ ಪಟ್ಟಿಯಲ್ಲಿ ಸಮಯದ ಸಮೇತ ಬರೆದು ಸೌಂಡಿನವನ ಕೈಗೆ ಕೊಡಿ. ಮದುವೆಗೆ ವಾರ ಮುಂಚೆ ಮನೇಲೇ ಕೂರಿಸಿ, ಫ್ಯಾನ್ ಆಫ್ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮಂಟಪದಲ್ಲಿ ಅವರಿಗೆ ಅಂತಲೇ ಒಂದು ಕಾರ್ಡ್‌ಲೆಸ್ ಮೈಕ್ ಬೇಕು, ಅದನ್ನ ಹಿಡಿದುಕೊಳ್ಳೋಕೆ ಮೊಮ್ಮಗಳನ್ನ ಕೂರಿಸಿ.