ದನಿ ಮರಳಿತು, ಹೆಸರು ಮರಳಲಿಲ್ಲ

ಶಿವರಾತ್ರಿ ಸಮೀಪಿಸಿದಂತೆ ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯ ರಸ್ತೆಗಳಲ್ಲಿ ಕಾಲ್ನಡಿಗೆಯವರ ಸಾಲು ಕಾಣತೊಡಗುತ್ತದೆ. ಬೆಂಗಳೂರು, ರಾಮನಗರ, ಕನಕಪುರಗಳ ಕಡೆಯಿಂದ ಹೊರಟ ಮಾದಪ್ಪನ ಒಕ್ಕಲಿನವರು ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದಲ್ಲಿ ಹೊಳೆ ದಾಟಿ, ಕಾಡಿನ ಹಾದಿ ಹಿಡಿದು ಮಲೆ ಮಹದೇಶ್ವರ ಬೆಟ್ಟವನ್ನು ಸೇರುತ್ತಾರೆ. ಹಾಡಿಲ್ಲದೆ ಈ ನಡಿಗೆ ಸಾಗುವುದಿಲ್ಲ. ಹಿಂದೆ ಗುಂಪಿನಲ್ಲಿ ಒಬ್ಬ ದೇವರಗುಡ್ಡನಿದ್ದರೆ, ಅವನ ಕೈಯ ಕಂಸಾಳೆಯ ಲಯಕ್ಕೆ ಉಳಿದವರ ಹೆಜ್ಜೆ ಹೊಂದಿಕೊಳ್ಳುತ್ತಿತ್ತು. ಈಗ ಆ ಕೆಲಸವನ್ನು ಬಹುಮಟ್ಟಿಗೆ ಮೊಬೈಲ್ ಫೋನು ವಹಿಸಿಕೊಂಡಿದೆ. ಅದರಿಂದ ಹೊಮ್ಮುವ ಹಾಡುಗಳಲ್ಲಿ ಅನೇಕವು ಹೊಸವಲ್ಲ. ಧ್ವನಿಸುರುಳಿಗಳ ಕಾಲದಲ್ಲಿ ಮುದ್ರಣಗೊಂಡು, ಅಂಗಡಿಗಳಿಂದ ಮರೆಯಾಗಿ, ಅಂತರ್ಜಾಲದಲ್ಲಿ ಮರುಹುಟ್ಟು ಪಡೆದ ಜನಪದ ಗೀತೆಗಳು.

ಇದು ಸಂತೋಷದ ಸಂಗತಿಯೇ. ಆದರೆ ಈ ಹಾಡು ಹಾಡಿದವರು ಯಾರು ಎಂದು ತಿಳಿಯಬಯಸಿ ಫೋನಿನ ಪರದೆಯನ್ನು ನೋಡಿದರೆ ಕಾಣುವುದು ಹುಲಿಯ ಮೇಲೆ ಕುಳಿತ ಮಾದಪ್ಪನ ಚಿತ್ರ, ಕಂಪನಿಯ ಲಾಂಛನ ಮತ್ತು ‘ಜಾನಪದ’ ಎಂಬ ಒಂದು ಪದ. ಮುಖ್ಯ ಗಾಯಕರು ಪ್ರಸಿದ್ಧರಾಗಿದ್ದರೆ ಅವರ ಹೆಸರು ಇದ್ದೀತು. ಸೊಲ್ಲು ಎತ್ತಿಕೊಂಡ ಹಿಮ್ಮೇಳದವರು, ತಂಬೂರಿ, ದಮ್ಮಡಿ, ಗಗ್ಗರ ನುಡಿಸಿದವರು, ಹಾಡನ್ನು ಕಲಿಸಿಕೊಟ್ಟ ಹಳ್ಳಿಯ ಹಿರಿಯರು, ಮುದ್ರಣವಾದ ವರ್ಷ ಇವು ಯಾವುವೂ ಅಲ್ಲಿ ಸಿಗುವುದಿಲ್ಲ. ಹಳೆಯ ಜನಪದ ಧ್ವನಿಸುರುಳಿಗಳ ಮರುಪ್ರಕಟಣೆಯಲ್ಲಿ ನಾವು ದನಿಯನ್ನು ಉಳಿಸಿಕೊಂಡು ದನಿಯ ಒಡೆಯರನ್ನು ಕಳೆದುಕೊಳ್ಳುತ್ತಿದ್ದೇವೆ.

ಕನ್ನಡದ ಧ್ವನಿಸುರುಳಿಗಳ ಇತಿಹಾಸದಲ್ಲಿಯೇ ಈ ತಾರತಮ್ಯದ ಬೇರು ಇದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂದಾಗ ಕವಿಯ ಹೆಸರು, ಸಂಯೋಜಕರ ಹೆಸರು ಮನೆಮಾತಾದವು. ಭಾವಗೀತೆಯ ಶ್ರೋತೃ ಮೊದಲಿನಿಂದಲೂ ‘ಯಾರ ಕವಿತೆ?’ ಎಂದು ಕೇಳಿಯೇ ಹಾಡನ್ನು ಆಲಿಸಿದ. ಅದೇ ಅಂಗಡಿಯ ಪಕ್ಕದ ಕಪಾಟಿನಲ್ಲಿದ್ದ ಜನಪದ ಗೀತೆಗಳ ಸುರುಳಿಯ ಮೇಲೆ ‘ಸಾಹಿತ್ಯ: ಜನಪದ’ ಎಂದು ಬರೆದರೆ ಸಾಕಾಗಿತ್ತು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಜನಪದ ಎಂದರೆ ಎಲ್ಲರದು, ಎಲ್ಲರದು ಎಂದರೆ ಯಾರದೂ ಅಲ್ಲ ಎಂಬ ತರ್ಕ ವ್ಯಾಪಾರಕ್ಕೆ ಅನುಕೂಲವಾಗಿತ್ತು.

ಹಾಗೆಂದು ಧ್ವನಿಸುರುಳಿಯನ್ನು ಹಳಿಯಬೇಕಾಗಿಲ್ಲ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷಗಳಷ್ಟೇ ದಕ್ಕುತ್ತಿದ್ದವು. ಕಥನಗೀತೆಗೆ ಅಲ್ಲಿ ಜಾಗವಿರಲಿಲ್ಲ. ಒಂದು ಗಂಟೆಯ ಸುರುಳಿ ಬಂದ ಮೇಲೆಯೇ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರು ಮಾದಪ್ಪನ, ಮಂಟೇಸ್ವಾಮಿಯ ಕಥನಗಳನ್ನು ಕಂತುಗಳಲ್ಲಿ ಮನೆಮನೆಗೆ ಮುಟ್ಟಿಸಲು ಸಾಧ್ಯವಾಯಿತು. ರಾತ್ರಿಯೆಲ್ಲ ಹಾಡಿದರೂ ಮುಗಿಯದ ಕಾವ್ಯವದು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಶ್ರವಣ ದೊರೆಯ ಸಾಲು ಎಂದು ಅದು ಸಾಲುಸಾಲಾಗಿ ಬೆಳೆಯುತ್ತದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಅದನ್ನು ‘ಜನಪದ ಮಹಾಕಾವ್ಯ’ವೆಂದು ಕರೆದು ಗ್ರಂಥರೂಪಕ್ಕೆ ತಂದಾಗ ವಿದ್ವಾಂಸರು ಅಚ್ಚರಿಪಟ್ಟರು. ಆದರೆ ಓದು ಬಾರದ ಸಾವಿರಾರು ಮನೆಗಳಲ್ಲಿ ಆ ಕಾವ್ಯವನ್ನು ಹೊಸ ತಲೆಮಾರಿಗೆ ದಾಟಿಸಿದ್ದು ಗ್ರಂಥವಲ್ಲ, ಸುರುಳಿ. ಇತ್ತ 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಜನಪದ ಕಥನದ ಧಾಟಿಯ ಹಾಡೊಂದು ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯನ್ನೇ ತಂದುಕೊಟ್ಟಿತು. ನಗರದ ಕಿವಿಗೂ ಈ ದನಿ ಬೇಕಾಗಿತ್ತು ಎಂಬುದಕ್ಕೆ ಅದು ಸಾಕ್ಷಿ.

‘ಜನಪದ ಅನಾಮಿಕವಾದದ್ದು, ಅದಕ್ಕೆ ಹೆಸರು ಅಂಟಿಸುವುದೇ ಅದರ ಸ್ವಭಾವಕ್ಕೆ ವಿರುದ್ಧ’ ಎನ್ನುವವರಿದ್ದಾರೆ. ಈ ಮಾತು ಅರ್ಧಸತ್ಯ. ಹಾಡು ಕಟ್ಟಿದ ಮೊದಲಿಗ ಯಾರೆಂದು ತಿಳಿಯದಿರಬಹುದು. ಆದರೆ ಹಾಡುವವನು ಎಂದೂ ಅನಾಮಿಕನಾಗಿರಲಿಲ್ಲ. ಉತ್ತರ ಕರ್ನಾಟಕದ ಲಾವಣಿಕಾರ, ಗೀಗೀ ಪದಕಾರ ಕೊನೆಯ ನುಡಿಯಲ್ಲಿ ತನ್ನ ಊರು, ಗುರು, ಹೆಸರು ಮೂರನ್ನೂ ಸೇರಿಸಿಯೇ ಪದ ಮುಗಿಸುತ್ತಾನೆ. ಇಂದು ಯೂಟ್ಯೂಬಿನಲ್ಲಿ ಲಕ್ಷಾಂತರ ಮಂದಿ ಕೇಳುವ ಆ ಭಾಗದ ಹೊಸ ‘ಜಾನಪದ’ ಹಾಡುಗಳಲ್ಲಿಯೂ ಈ ರೂಢಿ ಉಳಿದಿದೆ. ಅವುಗಳ ಸಾಹಿತ್ಯದ ಮಟ್ಟದ ಬಗ್ಗೆ ತಕರಾರು ಇರಬಹುದು. ಆದರೆ ಹಾಡು ಬರೆದವನ ಹೆಸರು ಕೇಳುಗನಿಗೆ ತಿಳಿದಿರುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಊರೇ ಗಾಯಕನ ಮನೆತನದ ಹೆಸರಾಗುತ್ತದೆ. ಮಳವಳ್ಳಿ ಮಹದೇವಸ್ವಾಮಿ, ಚನ್ನಪಟ್ಟಣದ ಕಡೆಯ ಅಪ್ಪಗೆರೆ ತಿಮ್ಮರಾಜು, ಪೊಲೀಸ್ ಅಧಿಕಾರಿಯಾಗಿದ್ದುಕೊಂಡೇ ಹಾಡಿ ಜನಮನ ಗೆದ್ದ ಬಾನಂದೂರು ಕೆಂಪಯ್ಯ ಇವರೆಲ್ಲರ ಹೆಸರಿನಲ್ಲಿಯೇ ಅವರ ಹಾಡಿನ ನೆಲದ ವಿಳಾಸವಿದೆ. ಇವರು ಪ್ರಸಿದ್ಧರಾದ್ದರಿಂದ ಇವರ ವಿಳಾಸ ಉಳಿಯಿತು. ಇವರ ಹಿಂದೆ ನಿಂತು ಸೊಲ್ಲು ಹಾಡಿದವರ, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಟ್ಟ ತಾಯಂದಿರ ವಿಳಾಸ ಉಳಿಯಲಿಲ್ಲ.

ಕಾನೂನು ಈ ವಿಷಯದಲ್ಲಿ ನಾವು ಭಾವಿಸಿರುವಷ್ಟು ಮೌನವಾಗಿಲ್ಲ. ತಲೆಮಾರುಗಳಿಂದ ಬಂದ ಹಾಡಿಗೆ ಕೃತಿಸ್ವಾಮ್ಯವಿಲ್ಲ, ನಿಜ. ಆದರೆ ಅದರ ಒಂದು ನಿರ್ದಿಷ್ಟ ಧ್ವನಿಮುದ್ರಣಕ್ಕೆ 60 ವರ್ಷಗಳ ಹಕ್ಕು ನಿರ್ಮಾಪಕರಿಗೆ ಇದೆ. ಹಾಡಿದವರಿಗೆ ಮಾತ್ರ 1957ರ ಕಾಯ್ದೆ ಮೊದಲು ಏನನ್ನೂ ಕೊಟ್ಟಿರಲಿಲ್ಲ. 1994ರ ತಿದ್ದುಪಡಿ ‘ಪ್ರದರ್ಶಕರ ಹಕ್ಕು’ ಎಂಬುದನ್ನು ಮಾನ್ಯ ಮಾಡಿತು. 1999ರಲ್ಲಿ ಅದರ ಅವಧಿ 25ರಿಂದ 50 ವರ್ಷಗಳಿಗೆ ಏರಿತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ವಾಣಿಜ್ಯ ಬಳಕೆಯಲ್ಲಿ ಗಾಯಕ, ವಾದಕರಿಗೆ ಗೌರವಧನದ ಪಾಲನ್ನೂ, ‘ಇದನ್ನು ಹಾಡಿದವನು ನಾನು’ ಎಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ನೀಡಿತು. ಬಳಕೆಯ ಸ್ವರೂಪವೇ ಹೆಸರು ಹೇಳಲು ಅವಕಾಶ ಕೊಡದಂತಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ದಶಕಗಳ ಹಿಂದೆ ಒಂದಿಷ್ಟು ಹಣ ಪಡೆದು ಸಹಿ ಹಾಕಿದ, ಹೆಬ್ಬೆಟ್ಟು ಒತ್ತಿದ ಕಲಾವಿದರಿಗೆ ಈ ನಿಯಮ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ವಕೀಲರ ಚರ್ಚೆಗೆ ಬಿಟ್ಟ ವಿಷಯ. ಆದರೆ ಯೂಟ್ಯೂಬಿನ ಹಾಡಿನ ಕೆಳಗೆ ಹತ್ತು ಹೆಸರು ಬರೆಯಲು ಜಾಗವಿಲ್ಲ ಎಂದು ಯಾರೂ ಹೇಳಲಾರರು. ಧ್ವನಿಸುರುಳಿಯ ಅಂಗೈಯಗಲದ ಕಾಗದದಲ್ಲಿ ಹಿಡಿಸುತ್ತಿದ್ದ ವಿವರ, ಮಿತಿಯೇ ಇಲ್ಲದ ಪುಟದಲ್ಲಿ ಹಿಡಿಸದೆ ಹೋದದ್ದು ವಿಪರ್ಯಾಸ.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದ ನಾಡುಗಳಿವೆ. ಅಮೆರಿಕದ ಹಳ್ಳಿಗಾಡಿನ ಸಂಗೀತ, ಅವರು ‘ಕಂಟ್ರಿ’ ಎನ್ನುವುದು, ದೊಡ್ಡ ಉದ್ಯಮವಾಗಿ ಬೆಳೆಯಲು 1927ರಲ್ಲಿ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ನಡೆದ ಧ್ವನಿಮುದ್ರಣಗಳು ಕಾರಣವಾದವು. ಅಲ್ಲಿ ಹಾಡಿ ಪ್ರಸಿದ್ಧವಾದ ಕಾರ್ಟರ್ ಕುಟುಂಬದ ಹಿರಿಯ ಎ.ಪಿ. ಕಾರ್ಟರ್ ಬೆಟ್ಟದ ಊರುಗಳನ್ನು ಅಲೆದು ಹಾಡುಗಳನ್ನು ಸಂಗ್ರಹಿಸಿದರು. ಅವು ಅವರ ಹೆಸರಿನಲ್ಲಿಯೇ ನೋಂದಣಿಯಾದವು. ಜೊತೆಗೆ ಅಲೆದು, ರಾಗಗಳನ್ನು ನೆನಪಿಟ್ಟುಕೊಂಡು ಬಂದು ಕಲಿಸಿದ ಕಪ್ಪು ಗಿಟಾರ್ ವಾದಕ ಲೆಸ್ಲಿ ರಿಡಲ್ ಅವರ ಹೆಸರು ಹೊರಜಗತ್ತಿಗೆ ತಿಳಿಯಲು ದಶಕಗಳೇ ಬೇಕಾದವು.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಸಂಗವಿದೆ. 1959ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪಿಯ ಸೆರೆಮನೆಯೊಂದರಲ್ಲಿ ಕೈದಿಗಳು ಸೌದೆ ಒಡೆಯುತ್ತ ಹಾಡಿದ ಹಾಡನ್ನು ಮುದ್ರಿಸಿಕೊಂಡರು. ಮುಖ್ಯ ದನಿ ಜೇಮ್ಸ್ ಕಾರ್ಟರ್ ಎಂಬಾತನದು. ಹಿಂದೆ ಹೇಳಿದ ಕುಟುಂಬಕ್ಕೂ ಈತನಿಗೂ ಸಂಬಂಧವಿಲ್ಲ. ಲೋಮ್ಯಾಕ್ಸ್ ಆತನ ಹೆಸರನ್ನು ಬರೆದಿಟ್ಟುಕೊಂಡಿದ್ದರು. 2000ದಲ್ಲಿ ತೆರೆಗೆ ಬಂದ ಹಾಲಿವುಡ್ ಚಿತ್ರವೊಂದು ಆ ಹಳೆಯ ಮುದ್ರಣವನ್ನು ಬಳಸಿಕೊಂಡಿತು. ಆ ಚಿತ್ರದ ಗೀತೆಗಳ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗಿ 2002ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿಯನ್ನೂ ಗಳಿಸಿತು. ಆಗ ಲೋಮ್ಯಾಕ್ಸ್ ಸಂಗ್ರಹಾಲಯದವರು ಹುಡುಕಾಟ ನಡೆಸಿ, ಶಿಕಾಗೊ ನಗರದಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ ಜೇಮ್ಸ್ ಕಾರ್ಟರನ್ನು ಪತ್ತೆ ಮಾಡಿ 20,000 ಡಾಲರುಗಳ ಚೆಕ್ಕನ್ನು ಕೈಗಿತ್ತರು. ತಾನು ಹಾಡಿದ್ದನ್ನೇ ಆ ಮುದುಕ ಮರೆತಿದ್ದ. ನಲವತ್ತಮೂರು ವರ್ಷಗಳ ನಂತರ ಆತನ ಮನೆ ಬಾಗಿಲನ್ನು ತಟ್ಟಲು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಹೆಸರು ಬರೆದಿಟ್ಟಿತ್ತು.

ಅದೇ ದೇಶದ ಫೋಕ್‌ವೇಸ್ ಕಂಪನಿಯ ಉದಾಹರಣೆಯೂ ಗಮನಾರ್ಹ. ಸ್ಮಿತ್ಸೋನಿಯನ್ ಸಂಸ್ಥೆ 1987ರಲ್ಲಿ ಅದನ್ನು ತನ್ನದಾಗಿಸಿಕೊಂಡಾಗ ಒಪ್ಪಿಕೊಂಡ ಷರತ್ತು ವಿಚಿತ್ರವಾಗಿತ್ತು. ಮಾರಾಟವಾಗಲಿ ಬಿಡಲಿ, ಅದರ ಎರಡು ಸಾವಿರಕ್ಕೂ ಹೆಚ್ಚಿನ ಆಲ್ಬಂಗಳಲ್ಲಿ ಒಂದೂ ಅಲಭ್ಯವಾಗಕೂಡದು. 1952ರಲ್ಲಿ ಆ ಕಂಪನಿ ಹೊರತಂದಿದ್ದ 84 ಹಾಡುಗಳ ಸಂಕಲನವೊಂದನ್ನು 1997ರಲ್ಲಿ ಆರು ಸಿ.ಡಿ.ಗಳಲ್ಲಿ ಮರುಪ್ರಕಟಿಸಿದಾಗ, ಮೂಲದ ಜೊತೆಗಿದ್ದ ಟಿಪ್ಪಣಿ ಪುಸ್ತಕವನ್ನೂ ಸಂಸ್ಥೆ ಹಾಗೆಯೇ ಅಚ್ಚು ಮಾಡಿಸಿತು. ಮರುಪ್ರಕಟಣೆ ಎಂದರೆ ದನಿಯನ್ನಷ್ಟೇ ಅಲ್ಲ, ಆ ದನಿಯ ದಾಖಲೆಯನ್ನೂ ಹಿಂದಿರುಗಿಸುವುದು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ನಮಗೆ ಮಾದರಿ ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉಯ್ಯಂಬಳ್ಳಿಯನ್ನು ಒಳಗೊಂಡ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಯಲ್ಲಿಯೇ ಎಚ್.ಎಲ್. ನಾಗೇಗೌಡರ ಜಾನಪದ ಲೋಕವಿದೆ. ಐಎಎಸ್ ಅಧಿಕಾರಿಯಾಗಿದ್ದ ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಈ ಲೋಕವನ್ನು ತೆರೆದರು. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಉಸಿರಾಗಿತ್ತು. ನೇಗಿಲು, ಒರಳುಗಳ ಜೊತೆಗೆ ಹಾಡು, ಕುಣಿತಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳನ್ನೂ ಅಲ್ಲಿ ಕೂಡಿಡಲಾಗಿದೆ. ಅವರು ಸಂಪಾದಿಸಿದ ಒಂದು ಗೀತ ಸಂಕಲನದ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಹಾಡಿದಾಕೆಯ ಹೆಸರನ್ನು ಹೊದಿಕೆಯ ಮೇಲೆಯೇ ಇಟ್ಟ ಆ ಒಂದು ನಿರ್ಧಾರದಲ್ಲಿ ಇಡೀ ಸಮಸ್ಯೆಗೆ ಉತ್ತರವಿದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಸಂಭ್ರಮಿಸಿತು; 2025ರಲ್ಲಿ ಅವರು ತೀರಿಕೊಂಡಾಗ ಮಿಡಿಯಿತು. ಪ್ರಶಸ್ತಿ ಕೊಡುವಾಗ ಸಿಗುವ ಹೆಸರು, ಹಾಡನ್ನು ಮಾರುವಾಗ ಯಾಕೆ ಸಿಗಬಾರದು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹಳೆಯ ಸುರುಳಿಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿರುವ ಕಂಪನಿಗಳು ಮೂಲ ಹೊದಿಕೆಯಲ್ಲಿದ್ದ ಪ್ರತಿಯೊಂದು ಹೆಸರನ್ನೂ ವರ್ಷವನ್ನೂ ಹಾಡಿನ ಜೊತೆಗೆ ನಮೂದಿಸಬಹುದು. ಹೊಸದಾಗಿ ಮುದ್ರಣ ಮಾಡುವವರು ಹಾಡು ಕಲಿತ ಊರನ್ನೂ ಕಲಿಸಿದವರನ್ನೂ ನೆನೆಯಬಹುದು. ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಿಭಾಗ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯ ಮತ್ತು ಆಕಾಶವಾಣಿ ಒಟ್ಟುಗೂಡಿ, ಈವರೆಗೆ ಬಂದ ಜನಪದ ಧ್ವನಿಮುದ್ರಣಗಳ ಸೂಚಿಯೊಂದನ್ನು ಸಿದ್ಧಪಡಿಸಬಹುದು. ಗ್ರಂಥಸೂಚಿಗೆ ಪರಂಪರೆಯಿರುವ ಕನ್ನಡದಲ್ಲಿ ಗಾನಸೂಚಿ ಅಸಾಧ್ಯವೇನಲ್ಲ.

ಒಂದು ಹೋಬಳಿಯಿಂದಲೇ ಇದನ್ನು ಆರಂಭಿಸಬಹುದು. ಉಯ್ಯಂಬಳ್ಳಿಯಂಥ ಹೋಬಳಿಯ ಪ್ರೌಢಶಾಲೆಯ ಮಕ್ಕಳು ತಮ್ಮ ಮನೆಯ ಅಟ್ಟದ ಮೇಲೆ ಉಳಿದಿರುವ ಸುರುಳಿಗಳನ್ನು ತಂದು ಅವುಗಳ ಹೊದಿಕೆಯನ್ನು ನಕಲು ಮಾಡಿಕೊಂಡರೆ, ಹಿಮ್ಮೇಳದಲ್ಲಿ ಹಾಡಿದ ತಮ್ಮೂರಿನವರು ಯಾರೆಂದು ಅಜ್ಜಿ ತಾತಂದಿರನ್ನು ಕೇಳಿ ಬರೆದುಕೊಂಡರೆ, ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲದ ದಾಖಲೆ ಅಲ್ಲಿ ಸಿದ್ಧವಾಗುತ್ತದೆ. ಸುರುಳಿಯ ಕಾಂತಪಟ್ಟಿ ವರ್ಷವರ್ಷಕ್ಕೂ ಸವೆಯುತ್ತಿದೆ. ಅದಕ್ಕಿಂತ ಬೇಗ ಸವೆಯುತ್ತಿರುವುದು, ಆ ದನಿ ಇಂಥವರದೆಂದು ಗುರುತಿಸಬಲ್ಲ ಹಿರಿಯರ ತಲೆಮಾರು. ಅವರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕು.